ಅರ್ಧ ಗಂಟೆಯ ಚೆಲುವು

ನಮ್ಮ ಹಾಸನದ ಕಡೆ ಹೆಣ್ಣು ನೋಡುವ ಶಾಸ್ತ್ರ ಅರ್ಧ ಗಂಟೆಯಲ್ಲಿ ಮುಗಿದುಹೋಗುತ್ತದೆ. ಉಪ್ಪಿಟ್ಟು, ಕೇಸರಿಬಾತು, ಕಾಫಿ. ಹುಡುಗಿ ತಟ್ಟೆ ಹಿಡಿದು ಬರುತ್ತಾಳೆ, ದೊಡ್ಡವರಿಗೆ ನಮಸ್ಕಾರ ಮಾಡುತ್ತಾಳೆ, ಚಾಪೆಯ ಅಂಚಿನಲ್ಲಿ ಕೂರುತ್ತಾಳೆ. ಹೆಸರೇನು, ಏನು ಓದಿದ್ದು, ಅಡುಗೆ ಬರುತ್ತಾ. ಅವಳು ಬಾಯಿ ಬಿಡುವುದು ಹೆಚ್ಚೆಂದರೆ ಐದು ನಿಮಿಷ. ಉಳಿದ ಹೊತ್ತೆಲ್ಲ ನೋಡುವ ಕೆಲಸ. ನಡಿಗೆ, ಜಡೆ, ಹಲ್ಲು, ಎತ್ತರ. ಎಲ್ಲಕ್ಕಿಂತ ಮೊದಲು ಬಣ್ಣ.

ಇದನ್ನು ಬೈಯುವುದು ಸುಲಭ. ನಾನೂ ಸಾಕಷ್ಟು ಬೈದಿದ್ದೇನೆ. ಆದರೆ ಯೋಚನೆ ಮಾಡಿ, ಅರ್ಧ ಗಂಟೆಯಲ್ಲಿ ಇನ್ನೇನು ತಾನೇ ಕಾಣುತ್ತದೆ? ಈ ಹುಡುಗಿಗೆ ಸಿಟ್ಟು ಎಷ್ಟು, ದುಡ್ಡಿನ ವಿಷಯದಲ್ಲಿ ಕೈ ಬಿಗಿಯೋ ಸಡಿಲವೋ, ಮನೆಯಲ್ಲಿ ಯಾರಿಗಾದರೂ ಜ್ವರ ಬಂದರೆ ಹೇಗೆ ನಡೆದುಕೊಳ್ಳುತ್ತಾಳೆ, ಜೋಕು ಹೇಳಿದರೆ ನಗುತ್ತಾಳಾ? ಒಂದೂ ಕಾಣುವುದಿಲ್ಲ. ಕಾಣುವುದು ಮುಖ. ಹಾಗಾಗಿ ಎಲ್ಲ ಭಾರವೂ ಮುಖದ ಮೇಲೇ ಬೀಳುತ್ತದೆ. ರೂಪ ಮುಖ್ಯ ಅಲ್ಲ, ಗುಣ ಮುಖ್ಯ ಅಂತ ಶಾಲೆಯಲ್ಲಿ ಹೇಳಿಕೊಡುತ್ತಾರೆ. ಯಾರೂ ನಂಬುವುದಿಲ್ಲ. ನನ್ನ ಅನುಮಾನವೇ ಬೇರೆ. ರೂಪಕ್ಕೆ ಬೆಲೆ ಏರುವುದು ಹೊತ್ತು ಕಡಿಮೆ ಇರುವ ಕಡೆ. ಹೊತ್ತು ಸಿಕ್ಕಷ್ಟೂ ಅದು ಇಳಿಯುತ್ತದೆ. ನಾವು ಮದುವೆ ಮಾಡುವ ರೀತಿ, ಈಗಿನವರು ಪ್ರೀತಿ ಹುಡುಕುವ ರೀತಿ, ಎರಡರಲ್ಲೂ ಹೊತ್ತೇ ಇಲ್ಲ.

ನಮ್ಮ ಮನೆಯಲ್ಲಿ ಇಬ್ಬರು ಹೆಣ್ಣುಮಕ್ಕಳು. ಅಕ್ಕ ಬೆಳ್ಳಗೆ, ನಾನು ಕಪ್ಪು. ಒಂದೇ ಅಪ್ಪ, ಒಂದೇ ಅಮ್ಮ, ಒಂದೇ ಹಂಡೆಯ ನೀರು. ನನ್ನ ಬಗ್ಗೆ ನೆಂಟರು ಆಡುತ್ತಿದ್ದ ಮಾತು ನಿಮಗೂ ಗೊತ್ತಿರುತ್ತದೆ. "ಕಪ್ಪಾದ್ರೂ ಲಕ್ಷಣವಾಗಿದ್ದಾಳೆ." ಹೇಳುವವರು ಹೊಗಳಿಕೆ ಅಂತಲೇ ಹೇಳುತ್ತಿದ್ದರು. ಆ "ಆದ್ರೂ" ಚುಚ್ಚುತ್ತದೆ ಅಂತ ಅವರಿಗೆ ಹೊಳೆದೇ ಇರಲಿಲ್ಲ. ಇನ್ನೂ ಪ್ರೀತಿ ಇದ್ದವರು ಬಣ್ಣವನ್ನೇ ಒಂದು ಮೆಟ್ಟಿಲು ಮೇಲೆ ಹತ್ತಿಸುತ್ತಿದ್ದರು. ಕಪ್ಪು ಹೋಗಿ ಎಣ್ಣೆಗೆಂಪು. ಮದುವೆ ಜಾಹೀರಾತಿನಲ್ಲಾದರೆ ಗೋಧಿ ಬಣ್ಣ. ಅಪ್ಪ ಪೇಪರಿಗೆ ಬರೆದುಕೊಟ್ಟಿದ್ದೂ ಅದೇ.

ಈ ಬಣ್ಣ ನಮ್ಮಿಬ್ಬರಿಗೆ ಮಾಡಿದ ಅತಿ ದೊಡ್ಡ ಕೆಲಸ ಕನ್ನಡಿಯಲ್ಲಿ ಕಾಣುವಂಥದ್ದಲ್ಲ. ಅಕ್ಕ ಬಿಎಸ್ಸಿ ಎರಡನೇ ವರ್ಷದಲ್ಲಿದ್ದಾಗ ಸಂಬಂಧ ಬಂತು. ಮೊದಲನೇ ಸಲಕ್ಕೇ ಒಪ್ಪಿಗೆ. ಓದು ಅಲ್ಲಿಗೆ ನಿಂತಿತು. "ರೂಪ ಇದೆಯಲ್ಲ, ಓದಿ ಇನ್ನೇನಾಗ್ಬೇಕು" ಅಂದರು ದೊಡ್ಡಮ್ಮ. ನನಗೆ ಹೇಳಿದ್ದು ಇದರ ಉಲ್ಟಾ. "ನೀನು ಚೆನ್ನಾಗಿ ಓದ್ಕೋಮ್ಮ." ನಾನು ಓದಿದೆ. ಬ್ಯಾಂಕ್ ಪರೀಕ್ಷೆ ಬರೆದೆ, ಕೆಲಸ ಸಿಕ್ಕಿತು, ಮೈಸೂರಿಗೆ ಬಂದೆ. ನನ್ನ ಕೈಯಲ್ಲಿರುವ ಸಂಬಳದ ಹಿಂದೆ ಬುದ್ಧಿ ಎಷ್ಟಿದೆಯೋ, ನಮ್ಮ ಮನೆಯವರಿಗೆ ನನ್ನ ಮುಖದ ಮೇಲಿದ್ದ ಅಪನಂಬಿಕೆಯೂ ಅಷ್ಟೇ ಇದೆ. ಅಕ್ಕ ಲೆಕ್ಕದಲ್ಲಿ ನನಗಿಂತ ಜಾಣೆ. ಈಗಲೂ ಮನೆಯ ಚೀಟಿ ವ್ಯವಹಾರವೆಲ್ಲ ಅವಳ ಬಾಯಲ್ಲೇ ಇರುತ್ತದೆ.

ಹೆಣ್ಣು ನೋಡಲು ಬರುವ ದಿನದ ತಯಾರಿಯ ಬಗ್ಗೆ ಸ್ವಲ್ಪ ಹೇಳಲೇಬೇಕು. ಅದೊಂದು ವಿದ್ಯೆ. ನಮ್ಮ ಚಿಕ್ಕಮ್ಮ ಅದರಲ್ಲಿ ಪಳಗಿದವರು. ಕಪ್ಪು ಹುಡುಗಿಗೆ ತಿಳಿ ಬಣ್ಣದ ಸೀರೆ ಉಡಿಸಬಾರದು, ಎದ್ದು ಕಾಣುತ್ತದೆ. ತೀರಾ ಕಡು ಬಣ್ಣವೂ ಬೇಡ, ಅದರ ಜೊತೆ ಸೇರಿಹೋಗುತ್ತಾಳೆ. ಮಾವಿನ ಚಿಗುರಿನ ಬಣ್ಣ ಪರವಾಗಿಲ್ಲ. ಪೌಡರು ಕತ್ತಿನವರೆಗೂ ಹಚ್ಚಬೇಕು, ಇಲ್ಲದಿದ್ದರೆ ಮುಖ ಬೇರೆ ಕತ್ತು ಬೇರೆ ಆಗುತ್ತದೆ. ಗಂಡಿನ ಕಡೆಯವರನ್ನು ಸಂಜೆಗೇ ಕರೆಯಬೇಕು, ಟ್ಯೂಬ್‌ಲೈಟಿನ ಬೆಳಕಿಗೆ. ಗಂಡಿನ ಕಡೆಯ ಹೆಂಗಸರೂ ಕಡಿಮೆ ಇಲ್ಲ. "ತೋಟ ನೋಡೋಣ ಬಾಮ್ಮ" ಅಂತ ಹುಡುಗಿಯನ್ನು ಹೊರಗೆ ಬಿಸಿಲಿಗೆ ಕರೆದುಕೊಂಡು ಹೋಗುತ್ತಿದ್ದರು. ತೋಟದಲ್ಲಿ ಅವರು ನೋಡುತ್ತಿದ್ದದ್ದು ಅಡಿಕೆ ಮರವನ್ನಲ್ಲ ಅಂತ ಎಲ್ಲರಿಗೂ ಗೊತ್ತು.

ನಮ್ಮ ಊರಿನಿಂದ ಬೇಲೂರು ದೂರವಿಲ್ಲ. ಶಾಲೆಯಿಂದ ಪ್ರವಾಸ ಅಂದರೆ ಅಲ್ಲಿಗೇ. 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠೆ ಮಾಡಿಸಿದ ಚೆನ್ನಕೇಶವ. ಬಳಪದ ಕಲ್ಲಿನ ಮದನಿಕೆಯರು. ಕನ್ನಡಿ ಹಿಡಿದು ತನ್ನನ್ನೇ ನೋಡಿಕೊಳ್ಳುವ ದರ್ಪಣ ಸುಂದರಿಯ ಮುಂದೆ ಗೈಡು ಹತ್ತು ನಿಮಿಷ ನಿಲ್ಲಿಸಿ ವರ್ಣಿಸುತ್ತಿದ್ದರು. ಮೂಗು, ಬೆರಳು, ತುರುಬು, ಒಡವೆಯ ಕೆತ್ತನೆ. ಬಣ್ಣದ ಮಾತೇ ಇಲ್ಲ, ಕಲ್ಲು ಕಪ್ಪಲ್ವಾ. ಕಪ್ಪು ಸುಂದರಿಯರನ್ನು ಕಣ್ತುಂಬ ನೋಡಿ ವಾಹ್ ಅಂದು, ಮನೆಗೆ ಬಂದು ಮುಖಕ್ಕೆ ಕಡಲೆಹಿಟ್ಟು ಹಚ್ಚಿಕೊಳ್ಳುವ ಜನ ನಾವು.

ಕಡಲೆಹಿಟ್ಟಿನ ಜಾಗಕ್ಕೆ ಟ್ಯೂಬು ಬಂದಿದ್ದು 1975ರಲ್ಲಿ, ಫೇರ್ ಅಂಡ್ ಲವ್ಲಿ ಮಾರುಕಟ್ಟೆಗೆ ಬಂದಾಗ. ಟಿವಿ ಜಾಹೀರಾತುಗಳ ಕಥೆ ಎಲ್ಲರಿಗೂ ಬಾಯಿಪಾಠ. ಹುಡುಗಿ ಕಪ್ಪು, ಅಪ್ಪನ ಮುಖ ಸಪ್ಪೆ. ಕ್ರೀಮು ಹಚ್ಚಿದಳು, ಕೆಲಸ ಸಿಕ್ಕಿತು, ಗಂಡೂ ಸಿಕ್ಕಿತು. 2005ರಲ್ಲಿ ಎಮಾಮಿ ಕಂಪನಿ ಗಂಡಸರಿಗೂ ಒಂದು ಕ್ರೀಮು ತಂದು ಸಮಾನತೆ ಸಾಧಿಸಿತು. 2014ರಲ್ಲಿ ಜಾಹೀರಾತು ಮಾನದಂಡ ಮಂಡಳಿ, ಮೈಬಣ್ಣದ ಕಾರಣಕ್ಕೆ ಯಾರನ್ನೂ ಕೀಳಾಗಿ ತೋರಿಸಬೇಡಿ ಅಂತ ನಿಯಮ ಮಾಡಿತು. 2020ರಲ್ಲಿ ಅಮೆರಿಕದಲ್ಲಿ ಜಾರ್ಜ್ ಫ್ಲಾಯ್ಡ್ ಅನ್ನುವ ಕಪ್ಪು ಜನಾಂಗದವನು ಪೊಲೀಸರ ಕೈಯಲ್ಲಿ ಸತ್ತ ನಂತರ ಎದ್ದ ಗಲಾಟೆ ಇಲ್ಲಿಗೂ ತಾಗಿತು. ಫೇರ್ ಅಂಡ್ ಲವ್ಲಿ ಗ್ಲೋ ಅಂಡ್ ಲವ್ಲಿ ಆಯಿತು. ಶಾದಿ ಡಾಟ್ ಕಾಮ್ ಮೈಬಣ್ಣ ಆರಿಸಿ ಹುಡುಕುವ ಸೌಲಭ್ಯವನ್ನು ತೆಗೆದುಹಾಕಿತು. ಒಳ್ಳೆಯದೇ ಆಯಿತು. ಆದರೆ ಫೋಟೋ ಅಲ್ಲೇ ಇದೆಯಲ್ಲ.

ಕಂಪನಿಯ ಕ್ರೀಮಿಗಿಂತ ನನಗೆ ಹೆದರಿಕೆಯಾಗುವುದು ಔಷಧಿ ಅಂಗಡಿಯಲ್ಲಿ ಡಾಕ್ಟರ ಚೀಟಿ ಇಲ್ಲದೆ ಸಿಗುವ ಇನ್ನೊಂದು ಬಗೆಯ ಟ್ಯೂಬು. ಸ್ಟೀರಾಯ್ಡ್, ಹೈಡ್ರೋಕ್ವಿನೋನ್, ಟ್ರೆಟಿನಾಯಿನ್ ಮೂರೂ ಬೆರೆಸಿದ ಮುಲಾಮು. ಮುಖದ ಮೇಲಿನ ಬಂಗಿಗೆ ಚರ್ಮದ ಡಾಕ್ಟರು ಕೆಲವು ವಾರಗಳ ಮಟ್ಟಿಗೆ ಬರೆದುಕೊಡುವ ಔಷಧಿ ಅದು. ನಮ್ಮ ನೆಂಟರ ಹುಡುಗಿಯೊಬ್ಬಳು ಮದುವೆಗೆ ಮುಂಚೆ ಅದನ್ನು ತಿಂಗಳುಗಟ್ಟಲೆ ಹಚ್ಚಿದಳು. ಮೊದಮೊದಲು ಮುಖ ನಿಜವಾಗಲೂ ತಿಳಿಯಾಯಿತು, ಎಲ್ಲರೂ ಏನು ಹಚ್ತೀಯ ಅಂತ ಕೇಳಿದರು. ಆಮೇಲೆ ಚರ್ಮ ತೆಳುವಾಗಿ ಕೆಂಪು ನರ ಕಾಣತೊಡಗಿತು. ಬಿಸಿಲಿಗೆ ಹೋದರೆ ಉರಿ, ಮೊಡವೆ, ಕೆನ್ನೆಯ ಮೇಲೆ ಕೂದಲು. ಬಿಟ್ಟರೆ ಇನ್ನೂ ಜಾಸ್ತಿಯಾಗುತ್ತದೆ, ಹಾಗಾಗಿ ಬಿಡಲೂ ಆಗದು. ಅವಳನ್ನು ಸರಿಮಾಡಲು ಚರ್ಮದ ಡಾಕ್ಟರಿಗೆ ವರ್ಷದ ಮೇಲೆ ಹಿಡಿಯಿತು. ಅರ್ಧ ಗಂಟೆ ಚೆನ್ನಾಗಿ ಕಾಣುವುದಕ್ಕೆ ಕೊಟ್ಟ ಬೆಲೆ ಇದು.

ಹೊತ್ತಿನ ಮಾತಿಗೆ ಮತ್ತೆ ಬರುತ್ತೇನೆ. ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಎಲೇನ್ ವಾಲ್‌ಸ್ಟರ್ ಮತ್ತು ಜೊತೆಗಾರರು ಒಂದು ಪ್ರಯೋಗ ಮಾಡಿ 1966ರಲ್ಲಿ ಪ್ರಕಟಿಸಿದರು. ಹೊಸದಾಗಿ ಸೇರಿದ ವಿದ್ಯಾರ್ಥಿಗಳಿಗೆ ಒಂದು ಡ್ಯಾನ್ಸ್ ಪಾರ್ಟಿ. ನಿಮಗೆ ತಕ್ಕ ಜೋಡಿಯನ್ನು ಕಂಪ್ಯೂಟರ್ ಹುಡುಕಿಕೊಟ್ಟಿದೆ ಅಂತ ನಂಬಿಸಿದ್ದರು. ನಿಜವಾಗಿ ಜೋಡಿಗಳನ್ನು ಮಾಡಿದ್ದು ಸುಮ್ನೆ ಮನಸ್ಸಿಗೆ ಬಂದ ಹಾಗೆ. ನಡುವೆ ಬಿಡುವಿನಲ್ಲಿ, ಇವರನ್ನು ಮತ್ತೆ ಭೇಟಿಯಾಗಲು ಇಷ್ಟವಾ ಅಂತ ಕೇಳಿದರು. ಜಾಣತನ, ಸ್ವಭಾವ, ಯಾವುದೂ ಲೆಕ್ಕಕ್ಕೆ ಬರಲಿಲ್ಲ. ಉತ್ತರವನ್ನು ನಿರ್ಧರಿಸಿದ್ದು ಎದುರಿದ್ದವರ ರೂಪ. ಅವರು ಜೊತೆಗಿದ್ದದ್ದು ಎರಡು ಗಂಟೆಯ ಮೇಲೆ. ನಮ್ಮ ಉಪ್ಪಿಟ್ಟು ಕೇಸರಿಬಾತಿಗೆ ಹೋಲಿಸಿದರೆ ಅದು ಧಾರಾಳ.

ಇದರ ಪಕ್ಕದಲ್ಲಿ ಇಡಬೇಕಾದ ಇನ್ನೊಂದು ಅಧ್ಯಯನ 2015ರದ್ದು. ಹಂಟ್, ಈಸ್ಟ್‌ವಿಕ್, ಫಿಂಕೆಲ್ ಅನ್ನುವ ಮೂವರು 167 ಜೋಡಿಗಳನ್ನು ನೋಡಿದರು. ಪರಿಚಯವಾದ ಸ್ವಲ್ಪ ದಿನಕ್ಕೇ ಪ್ರೀತಿಗೆ ಬಿದ್ದವರಲ್ಲಿ ಗಂಡು ಹೆಣ್ಣು ರೂಪದಲ್ಲಿ ಸರಿಸಮ ಇದ್ದರು. ಚೆಲುವನಿಗೆ ಚೆಲುವೆ, ಸಾಧಾರಣಕ್ಕೆ ಸಾಧಾರಣ. ಮೊದಲು ಸುಮಾರು ದಿನ ಪರಿಚಿತರಾಗಿದ್ದು ಅಥವಾ ಸ್ನೇಹಿತರಾಗಿದ್ದು ಆಮೇಲೆ ಜೋಡಿಯಾದವರಲ್ಲಿ ಆ ಹೊಂದಾಣಿಕೆ ಕಡಿಮೆಯಾಗಿತ್ತು. "ಇವಳಿಗೆ ಅವನು ಹೇಗೆ ಸಿಕ್ಕಿದನೋ" ಅಂತ ಊರವರು ಬಾಯಿ ಬಿಡುವ ಜೋಡಿಗಳು ಅವು. ಅವರಿಗೆ ಹೊತ್ತು ಸಿಕ್ಕಿತ್ತು, ಅಷ್ಟೇ. ಅಮೆರಿಕದ ಲೆಕ್ಕ ನಮ್ಮೂರಿಗೆ ಹಾಗೇ ಅಂಟುತ್ತದೆ ಅಂತ ನಾನು ಹೇಳುವುದಿಲ್ಲ. ಆದರೆ ನಮ್ಮ ಬ್ಯಾಂಕಿನಲ್ಲಿ, ಶಾಲೆಗಳ ಸ್ಟಾಫ್ ರೂಮಿನಲ್ಲಿ, ಆಸ್ಪತ್ರೆಯ ನೈಟ್ ಡ್ಯೂಟಿಯಲ್ಲಿ ಹುಟ್ಟಿದ ಪ್ರೀತಿಗಳನ್ನು ಲೆಕ್ಕ ಹಾಕಿದರೆ ನನಗೂ ಹಾಗೇ ಕಾಣುತ್ತದೆ.

ಜನ್ನ ಇದನ್ನು 1209ರಲ್ಲೇ ಬರೆದಿಟ್ಟಿದ್ದಾನೆ. ಯಶೋಧರ ಚರಿತೆಯ ಅಮೃತಮತಿ ಪಟ್ಟದರಾಣಿ, ಚೆಲುವೆ, ಗಂಡನೂ ಚೆಲುವ. ಅವಳು ಮನಸೋತದ್ದು ಆನೆಯ ಮಾವುತನಿಗೆ. ಅವನ ಕುರೂಪವನ್ನು ಕವಿ ಒಂದೊಂದೇ ಅಂಗ ಹಿಡಿದು ಅಸಹ್ಯವಾಗುವಷ್ಟು ವರ್ಣಿಸುತ್ತಾನೆ. ನೋಡಿ ಬಂದ ಸಖಿ ಹೇಸಿಕೊಂಡು ಬುದ್ಧಿ ಹೇಳುತ್ತಾಳೆ, ರಾಣಿ ಕೇಳುವುದಿಲ್ಲ. ಡಿಗ್ರಿಯಲ್ಲಿ ಇದನ್ನು ಪಾಠ ಮಾಡಿದ ಮೇಷ್ಟ್ರು ವಿಧಿ, ಕರ್ಮ ಅಂತೆಲ್ಲ ಹೇಳಿದರು. ಜನ್ನನಿಗೂ ಅವಳ ಪರ ನಿಲ್ಲುವ ಉದ್ದೇಶವಿರಲಿಲ್ಲ. ಅವನಿಗೆ ಹೇಳಬೇಕಿದ್ದದ್ದು ಹಿಂಸೆಯ ಪಾಪದ ಕಥೆ. ನನ್ನ ತಲೆಯಲ್ಲಿ ಉಳಿದದ್ದು ಮಾತ್ರ ಒಂದೇ ವಿಷಯ. ಅಮೃತಮತಿ ಮೊದಲು ಕೇಳಿದ್ದು ಹಾಡು. ಕತ್ತಲಲ್ಲಿ, ಆನೆಯ ಲಾಯದ ಕಡೆಯಿಂದ. ಕಣ್ಣಿಗಿಂತ ಮೊದಲು ಕಿವಿಗೆ ಸರದಿ ಬಂದಿತ್ತು. ಕಣ್ಣಿಗೆ ಸರದಿ ಬರುವ ಹೊತ್ತಿಗೆ ತೀರ್ಮಾನ ಆಗಿಹೋಗಿತ್ತು. ಅವನು ಅವಳನ್ನು ಹೊಡೆದ, ಅದೂ ಕಥೆಯಲ್ಲಿದೆ. ರೂಪ ನೋಡದೆ ಹುಟ್ಟಿದ ಪ್ರೀತಿ ಒಳ್ಳೆಯದೇ ಆಗಿರಬೇಕು ಅಂತೇನೂ ಇಲ್ಲ.

ಸ್ನೇಹದ ವಿಷಯ ಬೇರೆ. ಅಲ್ಲಿ ಹೊತ್ತು ಯಥೇಚ್ಛ ಇರುತ್ತದೆ ಅಂದುಕೊಳ್ಳುತ್ತೇವೆ. ಆದರೂ ರೂಪ ಬಾಗಿಲಲ್ಲೇ ಕೂತಿರುತ್ತದೆ. ಓದುವಾಗ ಹಾಸ್ಟೆಲಿನಲ್ಲಿ ನನ್ನ ರೂಮ್‌ಮೇಟ್ ಕಾಲೇಜಿಗೇ ಸುಂದರಿ. ಅವಳ ಜೊತೆ ನಡೆಯುವಾಗ ನಾನು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ನನ್ನ ಹತ್ತಿರ ನೋಟ್ಸ್ ಕೇಳಲು ಬರುವ ಹುಡುಗರು ಎರಡನೇ ಮಾತಿಗೆ "ನಿಮ್ಮ ಫ್ರೆಂಡ್ ಬಂದಿಲ್ವಾ" ಅನ್ನುತ್ತಿದ್ದರು. ಕಾಗದಗಳು ನನ್ನ ಕೈಯಲ್ಲಿ ಅವಳಿಗೆ ಹೋಗುತ್ತಿದ್ದವು. ನನಗೆ ಹೊಟ್ಟೆಕಿಚ್ಚು ಇರಲಿಲ್ಲ ಅಂದರೆ ಸುಳ್ಳಾಗುತ್ತದೆ. ಆದರೆ ಅವಳಿಗೆ ಹುಡುಗಿಯರ ಸ್ನೇಹ ಕಷ್ಟ. ಮೆಸ್ಸಿನಲ್ಲಿ ಅವಳು ತಟ್ಟೆ ಹಿಡಿದು ಬಂದರೆ ಮೇಜಿನ ಮಾತು ನಿಲ್ಲುತ್ತಿತ್ತು. ರ‍್ಯಾಂಕ್ ಹತ್ತಿರದ ಅಂಕ ಬಂದರೂ ಹಿಂದಿನಿಂದ ಗುಸುಗುಸು, "ಇಂಟರ್ನಲ್ಸ್ ಯಾರು ಹಾಕಿದ್ದು ಗೊತ್ತಲ್ಲ". ತಲೆಗೆ ಎಣ್ಣೆ ಮೆತ್ತಿ ಎರಡು ಜಡೆ ಹಾಕಿಕೊಂಡು ಬರತೊಡಗಿದಳು. ಅದರಲ್ಲೂ ಚೆನ್ನಾಗಿಯೇ ಕಾಣುತ್ತಿದ್ದಳು, ಪಾಪ.

ಒಂದು ರಾತ್ರಿ ಅವಳೇ ಹೇಳಿದಳು, "ನಿನ್ನ ಹತ್ರ ಬಂದೋರು ನಿನಗೋಸ್ಕರಾನೇ ಬರ್ತಾರೆ ಕಣೇ. ನನ್ನ ಹತ್ರ ಯಾಕೆ ಬಂದ್ರು ಅಂತ ನನಗೆ ಗೊತ್ತಾಗೋದೇ ಇಲ್ಲ." ನಾನಾಗ ನಕ್ಕುಬಿಟ್ಟೆ. ನನ್ನ ಹತ್ತಿರ ಬರುತ್ತಿದ್ದವರು ಅವಳಿಗೋಸ್ಕರ ಅಂತ ಅವಳಿಗೆ ಗೊತ್ತಿರಲಿಲ್ಲ. ಆದರೆ ಅವಳ ಮಾತಿನಲ್ಲಿ ನಿಜ ಇತ್ತು. 1984ರ ಒಂದು ಪ್ರಯೋಗದಲ್ಲಿ, ಬರೆದ ಪ್ರಬಂಧಕ್ಕೆ ಹೊಗಳಿಕೆ ಬಂದಾಗ, ಹೊಗಳಿದವರು ತಮ್ಮನ್ನು ನೋಡಿದ್ದಾರೆ ಅಂತ ಗೊತ್ತಿದ್ದ ಚೆಲುವರು ಆ ಹೊಗಳಿಕೆಯನ್ನು ನಂಬಲಿಲ್ಲ. ಬರಹ ಚೆನ್ನಾಗಿದೆಯೋ ಮುಖ ಚೆನ್ನಾಗಿದೆಯೋ ಅನ್ನುವ ಅನುಮಾನ. ನನಗೆ ಜೀವನದಲ್ಲಿ ಆ ಅನುಮಾನ ಒಂದು ದಿನವೂ ಬಂದಿಲ್ಲ. ಅದೊಂದು ಸುಖ, ಆಗ ತಿಳಿದಿರಲಿಲ್ಲ.

ರೂಪ ನಮ್ಮ ಸ್ವಭಾವದೊಳಕ್ಕೆ ಹೇಗೆ ಇಳಿಯುತ್ತದೆ ಅನ್ನುವುದಕ್ಕೆ ನಾನು ಓದಿದವುಗಳಲ್ಲಿ ಅತ್ಯಂತ ಚುರುಕಾದ ಪ್ರಯೋಗ 1977ರದ್ದು. ಮಾರ್ಕ್ ಸ್ನೈಡರ್ ಮತ್ತು ಇಬ್ಬರು ಜೊತೆಗಾರರು ಮಾಡಿದ್ದು. ಅದೂ ಮಿನ್ನೆಸೋಟದಲ್ಲೇ. ಅಪರಿಚಿತ ಹುಡುಗ ಹುಡುಗಿ ಫೋನಿನಲ್ಲಿ ಮಾತಾಡಬೇಕು. ಹುಡುಗನಿಗೆ ಮೊದಲೇ ಒಂದು ಫೋಟೋ ಕೊಡುತ್ತಾರೆ, ಇವಳೇ ಆ ಹುಡುಗಿ ಅಂತ. ಫೋಟೋ ಅವಳದ್ದಲ್ಲ. ಕೆಲವರಿಗೆ ಸುಂದರಿಯ ಫೋಟೋ, ಕೆಲವರಿಗೆ ಅಷ್ಟಕ್ಕಷ್ಟೇ ಇರುವವಳದ್ದು. ಹುಡುಗಿಗೆ ಇದ್ಯಾವುದೂ ಗೊತ್ತಿಲ್ಲ. ಸುಂದರಿಯ ಜೊತೆ ಮಾತಾಡುತ್ತಿದ್ದೇನೆ ಅಂದುಕೊಂಡ ಹುಡುಗ ಸಹಜವಾಗಿ ನಗುನಗುತ್ತಾ ಮಾತಾಡಿದ. ಆಮೇಲೆ ಹುಡುಗಿಯರ ದನಿಯನ್ನಷ್ಟೇ ಬೇರೆಯವರಿಗೆ ಕೇಳಿಸಿದರು. ಯಾವ ಹುಡುಗಿಯನ್ನು ಸುಂದರಿ ಅಂದುಕೊಳ್ಳಲಾಗಿತ್ತೋ ಅವಳೇ ಹೆಚ್ಚು ಸ್ನೇಹದಿಂದ, ಹೆಚ್ಚು ಲವಲವಿಕೆಯಿಂದ ಮಾತಾಡಿದ್ದಾಳೆ ಅಂತ ಕೇಳಿದವರು ಹೇಳಿದರು.

ಕೆಲವು ನಿಮಿಷದ ಫೋನಿನಲ್ಲಿ ಇಷ್ಟಾಗುವುದಾದರೆ ಇಪ್ಪತ್ತು ವರ್ಷದಲ್ಲಿ ಏನಾಗಬೇಡ? ಉಗುರುಬೆಚ್ಚಗಿನ ಹಾಲಿಗೆ ಒಂದು ಚಮಚ ಹೆಪ್ಪು ಬಿದ್ದ ಹಾಗೆ, ಎದುರಿನವರ ನೋಟ ನಿಧಾನಕ್ಕೆ ಇಡೀ ಮನುಷ್ಯನನ್ನೇ ಬದಲಾಯಿಸುತ್ತದೆ. ಅಕ್ಕ ಯಾವ ಮದುವೆ ಮನೆಗೆ ಹೋದರೂ ನೇರವಾಗಿ ನಡುಮನೆಗೆ ನಡೆದುಹೋಗುತ್ತಾಳೆ. ತನ್ನನ್ನು ನೋಡಿದವರಿಗೆ ಖುಷಿಯಾಗುತ್ತದೆ ಅಂತ ಅವಳ ಕಾಲಿಗೇ ಗೊತ್ತು. ನಾನು ಬಾಗಿಲ ಹತ್ತಿರ ನಿಂತು ಯಾರಾದರೂ ಪರಿಚಯದವರು ಇದ್ದಾರಾ ಅಂತ ಹುಡುಕುತ್ತೇನೆ. ಅದರ ಬದಲಿಗೆ ನನ್ನ ಬಾಯಿ ಚುರುಕಾಯಿತು. ಜೋಕು ಹೇಳುವುದು, ಎದುರಿನವರನ್ನು ನಗಿಸುವುದು, ಮೊದಲ ನಿಮಿಷದಲ್ಲಿ ಕಳೆದುಕೊಂಡಿದ್ದನ್ನು ಮೂರನೇ ನಿಮಿಷದಲ್ಲಿ ವಾಪಸ್ ಪಡೆಯುವುದು. ಇದನ್ನು ಎಲ್ಲರೂ ನನ್ನ ಸ್ವಭಾವ ಅನ್ನುತ್ತಾರೆ. ಇರಬಹುದು. ಬೆಳ್ಳಗೆ ಹುಟ್ಟಿದ್ದರೆ ನಾನು ಇಷ್ಟು ಮಾತಾಡುತ್ತಿದ್ದೆನಾ ಅಂತ ನನಗೆ ಅನುಮಾನ.

ನಮ್ಮ ಮುಖ ನಮಗೇ ಎಷ್ಟು ಗೊತ್ತು ಅನ್ನುವುದೂ ಒಂದು ಪ್ರಶ್ನೆ. 1977ರಲ್ಲೇ ಇನ್ನೊಂದು ಚಿಕ್ಕ ಪ್ರಯೋಗ ನಡೆಯಿತು. ಒಬ್ಬರ ಫೋಟೋವನ್ನು ಎರಡು ಥರ ಮುದ್ರಿಸಿದರು, ಇದ್ದ ಹಾಗೆ ಒಂದು, ಕನ್ನಡಿಯಲ್ಲಿ ಕಾಣುವ ಹಾಗೆ ಎಡಬಲ ತಿರುಗಿಸಿ ಒಂದು. ತಮಗೆ ಇಷ್ಟವಾಗಿದ್ದು ಕನ್ನಡಿಯದ್ದು. ಗೆಳತಿಯರಿಗೆ ಇಷ್ಟವಾಗಿದ್ದು ಇದ್ದ ಹಾಗಿನದ್ದು. ಕಾರಣ ಸರಳ, ನೋಡಿ ನೋಡಿ ರೂಢಿಯಾದ ಮುಖವೇ ಚೆಂದ ಕಾಣುತ್ತದೆ. ಮೊಬೈಲಿನಲ್ಲಿ ಬೇರೆಯವರು ತೆಗೆದ ಫೋಟೋ ನೋಡಿ "ಅಯ್ಯೋ, ಹಿಂಗಿದೀನಾ" ಅಂದುಕೊಳ್ಳುವವರಿಗೆ ಇದರಲ್ಲಿ ಸಮಾಧಾನ ಇದೆ. ನಿಮ್ಮವರಿಗೆ ನೀವು ಹಾಗೇ ಇಷ್ಟ.

ರೂಢಿ ಎರಡೂ ಕಡೆ ಕೆಲಸ ಮಾಡುತ್ತದೆ. ನನ್ನ ಗಂಡ ನಮ್ಮದೇ ಬ್ಯಾಂಕಿನವರು. ಎಷ್ಟೋ ದಿನ ಪಕ್ಕದ ಕೌಂಟರಿನಲ್ಲಿ ಕೂತು, ಸಂಜೆ ಕ್ಯಾಶ್ ಟ್ಯಾಲಿ ಆಗದಿದ್ದಾಗ ಒಟ್ಟಿಗೆ ತಲೆ ಕೆಡಿಸಿಕೊಂಡು, ಹಾಗೇ ಹತ್ತಿರವಾದೆವು. ಮೊದಲ ದಿನ ನನ್ನನ್ನು ನೋಡಿ ಏನನ್ನಿಸಿತು ಅಂತ ಕೇಳಿದರೆ "ನೋಡಿದ್ದೇ ನೆನಪಿಲ್ಲ ಕಣೇ" ಅನ್ನುತ್ತಾರೆ. ಕೆಲವು ದಿನ ಇದು ಹೊಗಳಿಕೆಯ ಹಾಗೆ ಕೇಳುತ್ತದೆ. ಎಲ್ಲ ದಿನ ಅಲ್ಲ. ಅಕ್ಕನದ್ದು ಬೇರೆ ಥರ. ಭಾವ ಅವಳನ್ನು ನೋಡಿ ಹತ್ತು ನಿಮಿಷಕ್ಕೇ ಒಪ್ಪಿದವರು, ಒಳ್ಳೆಯವರು, ಜಗಳವೇನೂ ಇಲ್ಲ. ಒಂದು ಸಲ ಹಪ್ಪಳ ಒಣಗಿಸುತ್ತಾ ಅವಳು ಅಂದಳು, "ಆರು ತಿಂಗಳಿಗೇ ಅವರಿಗೆ ನಾನು ಕಾಣೋದು ನಿಂತೋಯ್ತು. ಹೊಸ ಸೀರೆ ಉಟ್ರೂ ಅಷ್ಟೇ." ಆಮೇಲೆ ಪರಿಚಯ ಮಾಡಿಕೊಳ್ಳುವ ಕೆಲಸ ಶುರುವಾಯಿತಂತೆ, ಒಂದು ಮಗು ಹೊಟ್ಟೆಯಲ್ಲಿದ್ದಾಗ. ಹೊತ್ತು ಕಳೆದರೆ ರೂಪದ ಬೆಲೆ ಇಳಿಯುತ್ತದೆ ಅನ್ನುವುದು ನನ್ನಂಥವರಿಗೆ ಲಾಭದ ಸುದ್ದಿ. ಅಕ್ಕನಂಥವರಿಗೆ ಅದು ನಷ್ಟ ಅಂತ ನನಗೆ ಹೊಳೆದಿದ್ದು ಅವತ್ತೇ.

ಈಗ ಆ ಮಗುವಿಗೇ ಹುಡುಗಿ ಹುಡುಕುತ್ತಿದ್ದಾರೆ. ಬೆಂಗಳೂರಿನಲ್ಲಿ ಸಾಫ್ಟ್‌ವೇರು. ಡೇಟಿಂಗ್ ಆ್ಯಪುಗಳಲ್ಲೂ ಇದ್ದನಂತೆ, ಬಿಟ್ಟ. ಅಲ್ಲಿ ಅರ್ಧ ಗಂಟೆಯೂ ಇಲ್ಲ, ಬೆರಳು ಎಡಕ್ಕೋ ಬಲಕ್ಕೋ ಜಾರುವಷ್ಟು ಹೊತ್ತು. ಮೂವತ್ತಕ್ಕೆ ಮುಂಚೆ ಅವನ ನೆತ್ತಿ ಬೋಳಾಗುತ್ತಿದೆ. ಟೋಪಿ ಹಾಕಿದ ಫೋಟೋಗೆ ಬರುವ ಉತ್ತರ ಬೇರೆ, ಹಾಕದ ಫೋಟೋಗೆ ಬೇರೆ. ಈ ಸಲ ನೋಡಿಸಿಕೊಳ್ಳುವ ಸರದಿ ಗಂಡಿನದ್ದು, ಅದರಲ್ಲಿ ನನಗೆ ಸ್ವಲ್ಪ ಕೆಟ್ಟ ಖುಷಿಯೂ ಇದೆ. ಮಿನೊಕ್ಸಿಡಿಲ್ ಹಚ್ಚುತ್ತಿದ್ದಾನೆ. ಕೂದಲು ಕಸಿ ಮಾಡಿಸಲಾ ಚಿಕ್ಕಮ್ಮ ಅಂತ ನನ್ನನ್ನು ಕೇಳಿದ. ಅದರ ಬದಲು ಒಂದು ಹುಡುಗಿಯನ್ನು ನಾಲ್ಕೈದು ಸಲ ಭೇಟಿಯಾಗು, ಊಟಕ್ಕೆ ಹೋಗು, ಟ್ರಾಫಿಕ್ಕಿನಲ್ಲಿ ಒಟ್ಟಿಗೆ ಸಿಕ್ಕಿಹಾಕಿಕೊಳ್ಳು ಅಂದೆ. ಅಕ್ಕ ರೇಗಿದಳು. "ಅಷ್ಟು ಸಲ ಓಡಾಡಿ ಬೇಡ ಅಂದ್ರೆ ಆ ಹುಡುಗಿ ಗತಿ ಏನು? ಜನ ಏನಂತಾರೆ?" ಅವಳು ಹೇಳುವುದೂ ಸುಳ್ಳಲ್ಲ. ಹಾಸನದಲ್ಲಿ ಇನ್ನೂ ಹಾಗೇ ಇದೆ.

ಕೊನೆಗೆ ಹುಡುಗ ಒಂದು ಮಧ್ಯದ ದಾರಿ ಹೇಳಿದ. ಮೊದಲು ಫೋಟೋ ಬೇಡ, ಎರಡು ವಾರ ಫೋನಿನಲ್ಲಿ ಮಾತಾಡುತ್ತೇನೆ, ಆಮೇಲೆ ನೋಡೋಣ ಅಂತ. ಸಂಬಂಧ ತಂದ ದಲ್ಲಾಳಿ ಜೋರಾಗಿ ನಕ್ಕರಂತೆ. ಹುಡುಗಿಗೆ ಮಾತ್ರ ಇಷ್ಟವಾಯಿತು, ಅವತ್ತೇ ನಂಬರ್ ಕಳಿಸಿದಳು. ಮಾತು ಶುರುವಾಗಿದೆ, ರಾತ್ರಿ ಊಟದ ನಂತರ ಇವನು ಟೆರೇಸಿಗೆ ಹೋಗುತ್ತಾನಂತೆ. ಆದರೆ ಮನೆಯವರು ಕಾಯಬೇಕಲ್ಲ. ಮೂರನೇ ದಿನ ಹುಡುಗಿಯ ಸೋದರತ್ತೆ ಅಕ್ಕನ ವಾಟ್ಸಾಪಿಗೆ ಐದು ಫೋಟೋ ಹಾಕಿದರು, ಐದಕ್ಕೂ ಫಿಲ್ಟರ್. ಮಗನಿಗೆ ತೋರಿಸಬಾರದು ಅಂತ ಅಕ್ಕ ಅದನ್ನು ನನಗೆ ಫಾರ್ವರ್ಡ್ ಮಾಡಿ ತಕ್ಷಣ ಫೋನ್ ಮಾಡಿದಳು.

"ನೋಡೇ, ಕತ್ತಿನ ಹತ್ರ ದೊಡ್ಡದು ಮಾಡಿ ನೋಡು. ನಿಜವಾಗ್ಲೂ ಇಷ್ಟು ಬೆಳ್ಳಗಿದಾಳಾ?"